ಗಣಕಭಾಷೆಗಳಲ್ಲಿ ಉದ್ಧೃತ ಶಬ್ದ

‘ಮರ ಚಿಗುರಿತು’ ಎಂಬಲ್ಲಿ ಮರವು ಒಂದು ವಸ್ತು. ‘ಮರ ಎಂಬುದು ಎರಡಕ್ಷರದ ಪದ’ ಎಂದಾಗ ಅದೇ ಶಬ್ದವು ಅರ್ಥವನ್ನು ಬಿಟ್ಟು ತನ್ನ ರೂಪವನ್ನೇ ಬೋಧಿಸುತ್ತದೆ. ಇಂಥ ಪ್ರಯೋಗವನ್ನು ವೈಯಾಕರಣರು ಅನುಕರಣವೆಂದು ಕರೆದರು. ವ್ಯಾಕರಣಸೂತ್ರದಲ್ಲಿ ಬಂದ ಶಬ್ದವು, ಪಾರಿಭಾಷಿಕ ಸಂಜ್ಞೆಯಾಗಿರದಿದ್ದರೆ, ಸ್ವರೂಪವನ್ನೇ ಸೂಚಿಸುವುದೆಂದು ಪಾಣಿನಿಯು ವಿಧಿಸಿದನು. ಕನ್ನಡದಲ್ಲಿ ಈ ಭೇದವನ್ನು ‘ಎಂಬ’, ‘ಎಂದು’ ಮೊದಲಾದ ರೂಪಗಳು ತೋರಿಸಿಕೊಡುತ್ತವೆ.

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಭಾಷೆಗಳಿಗೂ ಇದೇ ಸಮಸ್ಯೆ ಎದುರಾಯಿತು. ಯಂತ್ರವು ನಡೆಸಬೇಕಾದ ಆಜ್ಞೆ ಯಾವುದು, ಇದ್ದಂತೆಯೇ ಇರಿಸಿಕೊಳ್ಳಬೇಕಾದ ಅಕ್ಷರಮಾಲೆ ಯಾವುದು? ಈ ಎರಡನೆಯದಕ್ಕೆ ಸ್ಟ್ರಿಂಗ್ ಲಿಟರಲ್ ಎಂದು ಹೆಸರು. ಯಂತ್ರಕ್ಕೆ ಸಂದರ್ಭಜ್ಞಾನವಿಲ್ಲವಾದುದರಿಂದ ಇದರ ಗಡಿಯನ್ನು ಬರೆದೇ ತೋರಿಸಬೇಕು.

1966ರ ಪ್ರಮಾಣಿತ ಫೋರ್ಟ್ರಾನ್ ಭಾಷೆಯಲ್ಲಿ ಎಣಿಕೆಯೇ ಗಡಿ. ನಾಲ್ಕು ರೋಮನ್ ಅಕ್ಷರಗಳ ಪದವಾದರೆ ಮೊದಲು 4 ಎಂಬ ಅಂಕೆ, ಬಳಿಕ ಹೆಚ್ ಎಂಬ ಅಕ್ಷರ, ಅನಂತರ ಪದ. ಆ ಹೆಚ್ ಹರ್ಮನ್ ಹಾಲೆರಿತ್ ಎಂಬವನ ಹೆಸರಿನದು. ಬರೆಯುವವನು ಎಣಿಕೆ ತಪ್ಪಿ 3 ಎಂದರೆ, ಕೊನೆಯ ಅಕ್ಷರವು ಹೊರಗುಳಿದು ಆಜ್ಞೆಯ ಭಾಗವೆಂದು ಪರಿಗಣಿತವಾಗುತ್ತಿತ್ತು. ಫೋರ್ಟ್ರಾನ್ 77 ಪ್ರಮಾಣವು ಉದ್ಧರಣಚಿಹ್ನೆಗಳ ನಡುವೆ ಬರೆಯುವ ಕ್ರಮವನ್ನು ತಂದಿತು.

ಚಿಹ್ನೆಯೇ ಗಡಿಯಾದರೆ ಆ ಚಿಹ್ನೆಯನ್ನು ಒಳಗೆ ಬರೆಯುವುದೆಂತು? ಪ್ಯಾಸ್ಕಲ್ ಭಾಷೆಯು ಅದನ್ನು ಎರಡು ಬಾರಿ ಬರೆಯಿಸಿತು. ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಅದರ ಮುಂದೆ ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೆರೆಯನ್ನು ಇರಿಸಬೇಕು. ಓರೆಗೆರೆಯೇ ಬೇಕಾದಲ್ಲಿ ಅದನ್ನೂ ಎರಡು ಬಾರಿ ಬರೆಯಬೇಕು. ಈ ಎಚ್ಚರ ತಪ್ಪಿದರೆ ಅನರ್ಥ. ಹೊರಗಿನವರು ತುಂಬಿದ ಹೆಸರನ್ನು ಹಾಗೆಯೇ ಆಜ್ಞೆಯೊಳಗೆ ಸೇರಿಸಿದಾಗ, ಅದರಲ್ಲಿರುವ ಒಂದು ಉದ್ಧರಣಚಿಹ್ನೆ ಮಾಲೆಯನ್ನು ಅಕಾಲದಲ್ಲಿ ಮುಗಿಸುತ್ತದೆ. ಉಳಿದುದನ್ನು ಯಂತ್ರವು ಆಜ್ಞೆಯೆಂದು ನಡೆಸುತ್ತದೆ. ದುರುಳರು ಇತರರ ದಾಖಲೆಗಳನ್ನು ಕದಿಯುವುದಕ್ಕೂ ಕೆಡಿಸುವುದಕ್ಕೂ ಇದೊಂದು ದಾರಿಯಾಗಿದೆ.

ಕನ್ನಡಿಗರು ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ‘ಕನ್ನಡ’ ಎಂಬ ಪದವನ್ನು ತೋರಿಸಿದರೆ ಮಗುವೂ ಮೂರಕ್ಷರವೆನ್ನುತ್ತದೆ. ಪೈಥಾನ್ 3 ಭಾಷೆಯ ಎಣಿಕೆಯಲ್ಲಿ ಅದು 5: ಕ, ನ, ಹಲಂತಚಿಹ್ನೆ, ನ, ಡ. ಯುಟಿಎಫ್-8 ಕ್ರಮದಲ್ಲಿ ಇವುಗಳಲ್ಲಿ ಒಂದೊಂದಕ್ಕೂ 3 ಬೈಟುಗಳು ಬೇಕಾಗುವುದರಿಂದ ಸಿ ಭಾಷೆಯ ಎಣಿಕೆಯಲ್ಲಿ ಅದು 15. ಈ ಎಣಿಕೆಗಳನ್ನೇ ಅಕ್ಷರಸಂಖ್ಯೆಯೆಂದು ನಂಬಿ ಪದವನ್ನು ನಡುವೆ ಕತ್ತರಿಸಿದರೆ ಒತ್ತಕ್ಷರವು ಒಡೆದು ಹೆಸರುಗಳು ಕೆಡುತ್ತವೆ.

ಅಕ್ಷರವೆಂದರೇನು, ಶಬ್ದವು ಎಲ್ಲಿ ಅರ್ಥವನ್ನು ಹೇಳುತ್ತದೆ, ಎಲ್ಲಿ ತನ್ನನ್ನೇ ಹೇಳಿಕೊಳ್ಳುತ್ತದೆ ಎಂಬುದನ್ನು ಯಂತ್ರವು ತಾನಾಗಿ ನಿರ್ಣಯಿಸದು. ಅದನ್ನು ಬರೆಯುವವನೇ ಅರಿತಿರಬೇಕು. ಆದುದರಿಂದ ಗಣಕವನ್ನು ಕಲಿಯುವ ವಿದ್ಯಾರ್ಥಿಗೆ ಶಬ್ದಶಾಸ್ತ್ರವು ಪರಕೀಯವಾದುದಲ್ಲ.