ಕುಡಿ ಹೋದರೂ ಬೇರು ಇದೆ

ಮಳೆಗಾಲದಲ್ಲಿ ನೀವು ಒಂದು ಹುಣಸೆ ಸಸಿ ನೆಟ್ಟಿರಿ. ಒಂದು ಸಂಜೆ ನೋಡಿದರೆ ಕುಡಿಯೇ ಇಲ್ಲ! ಮೇಕೆ ಮೇಯ್ದು ಹೋಗಿದೆ. "ಸಸಿ ಹಾಳಾಯ್ತು, ಕಿತ್ತು ಹಾಕೋಣ" ಅಂತೀರಾ? ಸ್ವಲ್ಪ ತಡೀರಿ.

ತುದಿಯ ಕುಡಿ ಇರುವವರೆಗೆ ಸಸಿಗೆ ಅದೇ ಯಜಮಾನ. ಪಕ್ಕದ ಮೊಗ್ಗುಗಳನ್ನು ಅದು ಬೆಳೆಯಲು ಬಿಡುವುದಿಲ್ಲ. ಕುಡಿ ಹೋದ ಮೇಲೆ ಆ ಮೊಗ್ಗುಗಳು ಚಿಗುರುತ್ತವೆ. ಎಲೆ ಇಲ್ಲದಾಗ ಚಿಗುರಿಗೆ ಆಹಾರ ಎಲ್ಲಿಂದ? ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟ ಆಹಾರವೇ ಆಧಾರ. ಕಷ್ಟಕಾಲಕ್ಕೆ ನಾವು ಮನೆಯಲ್ಲಿ ರಾಗಿ, ಜೋಳ ಕೂಡಿಡ್ತೀವಲ್ಲ, ಹಾಗೆ.

ಕೆಲವು ಮರಗಳಿಗೆ ಇನ್ನೊಂದು ಉಪಾಯ ಇದೆ. ಅದೇ ಮುಳ್ಳು. ಆಫ್ರಿಕಾದ ಕೀನ್ಯಾ ದೇಶದಲ್ಲಿ ನಮ್ಮ ಜಾಲಿಯಂಥ ಮರಗಳಿವೆ. ಜಿರಾಫೆ, ಆನೆಗಳು ಅವನ್ನು ಮೇಯುತ್ತವೆ. ವಿಜ್ಞಾನಿಗಳು ಬೇಲಿ ಹಾಕಿ ಪ್ರಾಣಿಗಳನ್ನು ತಡೆದರು. ಆಗ ಹೊಸ ಮುಳ್ಳುಗಳು ಗಿಡ್ಡವಾಗಿ ಬಂದವು. ಮೇಯುವ ಕಡೆ ಮುಳ್ಳು ಉದ್ದವಾಗಿಯೇ ಇತ್ತು.

ಆದರೆ ಮರದ ಶಕ್ತಿಗೂ ಮಿತಿ ಇದೆ. ಚಿಗುರಿದ ಹಾಗೆಲ್ಲ ಮೇಯ್ದರೆ ಕೂಡಿಟ್ಟ ಆಹಾರ ಮುಗಿಯುತ್ತದೆ. ಸಸಿ ಪೊದೆಯಾಗಿಯೇ ಉಳಿಯುತ್ತದೆ, ಇಲ್ಲವೇ ಸಾಯುತ್ತದೆ.

ನೀಲಗಿರಿಯ ಮುದುಮಲೆ ಕಾಡನ್ನೇ ನೋಡಿ. ಅಲ್ಲಿ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 50 ಹೆಕ್ಟೇರ್ ಜಾಗ ಗುರುತಿಸಿ ಮರಗಳನ್ನು ಎಣಿಸತೊಡಗಿದರು. ಆಗ ಬೆಂಡೆ ಮರಗಳು ಬಹಳ ಇದ್ದವು. ಅದರ ತೊಗಟೆ ಅಂದರೆ ಆನೆಗೆ ಇಷ್ಟ. ಆನೆಗಳು ಮರ ಮುರಿದು ತಿಂದವು. ಹೋದಷ್ಟು ಮರಗಳ ಜಾಗಕ್ಕೆ ಹೊಸ ಸಸಿ ಬೆಳೆದು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಬೆಂಡೆ ಮರ ತೀರಾ ಕಡಿಮೆಯಾಯಿತು.

ಕಾಡಿನ ಆನೆಗೆ ನಾವು ಬೇಲಿ ಹಾಕಲಾರೆವು. ನಮ್ಮ ಮೇಕೆಗೆ ಹಾಕಬಹುದಲ್ಲ? ಮೇಯ್ದ ಸಸಿಯನ್ನು ಕೀಳಬೇಡಿ. ಸುತ್ತ ಮುಳ್ಳುಬೇಲಿ ಕಟ್ಟಿ. ನೀರು ಕೊಡಿ. ನೆಟ್ಟಗಿರುವ ಒಂದು ಚಿಗುರನ್ನು ಬೆಳೆಸಿ. ಮೇಕೆ ಹಿಂಗಾಲಿನ ಮೇಲೆ ನಿಂತರೂ ಕುಡಿ ಎಟುಕಬಾರದು. ಅಷ್ಟು ಎತ್ತರ ಆಗುವ ತನಕ ಬೇಲಿ ತೆಗೆಯಬೇಡಿ.

ಓದಿ, ಬರೆಯಿರಿ: ಕುಡಿ, ಮೊಗ್ಗು, ಚಿಗುರು, ಕಾಂಡ, ತೊಗಟೆ, ಬೇರು.

ಉತ್ತರಿಸಿ:
1. ಕುಡಿ ಹೋದ ಮೇಲೆ ಸಸಿ ಹೇಗೆ ಚಿಗುರುತ್ತದೆ?
2. ಬೆಂಡೆ ಮರ ಯಾಕೆ ಕಡಿಮೆಯಾಯಿತು?
3. ನಿಮ್ಮೂರಲ್ಲಿ ದನ, ಮೇಕೆ ಮೇಯ್ದರೂ ಬೆಳೆದು ನಿಂತ ಮರ ಯಾವುದು? ಹಿರಿಯರನ್ನು ಕೇಳಿ. ಎರಡು ಸಾಲು ಬರೆಯಿರಿ.