ಅಪ್ಪನ ಮಾತು ಉಳಿದಿರುವ ಕ್ಯಾಸೆಟ್

ಪ್ರಶ್ನೆ: ನನಗೆ 52 ವರ್ಷ, ಪುತ್ತೂರು ಹತ್ತಿರದ ಹಳ್ಳಿಯವಳು. 1994ರಲ್ಲಿ ಅಣ್ಣ ಮಸ್ಕತ್‌ನಿಂದ ಬರುವಾಗ ಒಂದು ಹ್ಯಾಂಡಿಕ್ಯಾಮ್ ತಂದಿದ್ದ. ನನ್ನ ಮದುವೆ, ಮಕ್ಕಳ ನಾಮಕರಣ, ಊರಿನ ಆಟ, ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದು ಎಲ್ಲ ಸೇರಿ 12 ಸಣ್ಣ ಕ್ಯಾಸೆಟ್‌ಗಳಿವೆ. ಅಪ್ಪ ಈಗಿಲ್ಲ. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಕ್ಯಾಮೆರಾ ಆನ್ ಆಗುತ್ತಿಲ್ಲ. ಎರಡು ಕ್ಯಾಸೆಟ್‌ಗಳಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಸ್ಟುಡಿಯೋದವರು ಹೇಳಿದ ದರ ನಮ್ಮ ಕೈಗೆಟಕುವಂಥದ್ದಲ್ಲ. ನಾನು ಹೊಂದಿಸಬಹುದಾದದ್ದು 5,000 ರೂಪಾಯಿ. ಮಗನ ಲ್ಯಾಪ್‌ಟಾಪ್ ಇದೆ. ‘ಗುಜರಿಗೆ ಯಾಕೆ ದುಡ್ಡು ಸುರಿಯುತ್ತೀ’ ಎಂದು ಮನೆಯಲ್ಲಿ ಗೊಣಗುತ್ತಾರೆ. ನನ್ನದು ತಪ್ಪೇ?
– ಹೆಸರು ಬೇಡ, ಪುತ್ತೂರು

ಉತ್ತರ: ಖಂಡಿತ ತಪ್ಪಲ್ಲ ಅಕ್ಕಾ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡು, ಚೆಂಡೆ ಮದ್ದಳೆ ಬಿಟ್ಟರೆ ಉಳಿದದ್ದೆಲ್ಲ ಮಾತು. ಆ ಮಾತು ನಿಮ್ಮ ಮನೆಯ ರೀಲಿನಲ್ಲಿ ಮಾತ್ರ ಇದೆ ಎಂದಮೇಲೆ ಅದನ್ನು ಗುಜರಿ ಎನ್ನಲು ಬಾಯಾದರೂ ಹೇಗೆ ಬಂದೀತು? ಮನೆಯವರ ಜೊತೆ ಈಗ ವಾದ ಬೇಡ. ಒಂದು ಕ್ಯಾಸೆಟ್ ಟಿವಿಯಲ್ಲಿ ಓಡಲಿ, ಅವರೇ ಬಂದು ಕೂರುತ್ತಾರೆ.

ನಿಮ್ಮ 5,000 ರೂಪಾಯಿ ಸಾಕು. ಹೆಚ್ಚಿನವರು ಮೊದಲು ಹೋಗಿ ದುಬಾರಿ ಕ್ಯಾಪ್ಚರ್ ಸಾಧನ ಕೊಳ್ಳುತ್ತಾರೆ. ಆದರೆ ಚಿತ್ರ ಚೆನ್ನಾಗಿ ಬರುವುದು ಕ್ಯಾಸೆಟ್ ಓಡಿಸುವ ಕ್ಯಾಮೆರಾ ಚೆನ್ನಾಗಿದ್ದರೆ ಮಾತ್ರ. ಹಾಗಾಗಿ ಮೊದಲು ಕ್ಯಾಮೆರಾದ ಚಿಂತೆ ಮಾಡಿ. ಬ್ಯಾಟರಿ ತೆಗೆದಿಟ್ಟು ಅದರ ಜೊತೆ ಬಂದ ಅಡಾಪ್ಟರ್‌ನಿಂದಲೇ ಕರೆಂಟ್ ಕೊಟ್ಟು ನೋಡಿ; ಸತ್ತಿರುವುದು ಬ್ಯಾಟರಿ ಮಾತ್ರ ಇರಬಹುದು. ಆಗಲೂ ಜೀವ ಬಾರದಿದ್ದರೆ ರಿಪೇರಿಗೆ ಹಣ ಹಾಕಬೇಡಿ. ಆ ಕಾಲದ ಕ್ಯಾಮೆರಾಗಳಲ್ಲಿ ಕೆಪಾಸಿಟರ್ ಸೋರಿ ಬೋರ್ಡನ್ನೇ ತಿಂದಿರುವುದುಂಟು.

ಎರವಲು ಕೇಳಿ. ಪುತ್ತೂರು, ವಿಟ್ಲ, ಬಂಟ್ವಾಳದ ಕಡೆ ಗಲ್ಫ್‌ಗೆ ಹೋಗಿಬಂದವರಿಲ್ಲದ ಓಣಿ ಕಡಿಮೆ. ಯಾರದೋ ಕಪಾಟಿನಲ್ಲಿ ಒಂದು ಕ್ಯಾಮೆರಾ ಇದ್ದೇ ಇರುತ್ತದೆ. ನಿಮ್ಮ ಹ್ಯಾಂಡಿಕ್ಯಾಮ್ ಕ್ಯಾಸೆಟ್‌ಗಳು ವೀಡಿಯೋ8 ಇಲ್ಲವೇ ಹೈ8 ಬಗೆಯವು ಇರಬೇಕು, ಹಾಗಾಗಿ ಹೈ8 ಅಥವಾ ಡಿಜಿಟಲ್8 ಕ್ಯಾಮೆರಾ ಇದೆಯೇ ಎಂದು ಕೇಳಿ. ಹೈ8 ಕ್ಯಾಮೆರಾದಲ್ಲಿ ಹಳೆಯ ವೀಡಿಯೋ8 ಕ್ಯಾಸೆಟ್ಟೂ ಓಡುತ್ತದೆ. ಸೋನಿ 1999ರಲ್ಲಿ ತಂದ ಡಿಜಿಟಲ್8ರ ಹಲವು ಮಾಡೆಲ್‌ಗಳು ಇವೆರಡನ್ನೂ ಓಡಿಸುತ್ತವೆ, ಎಲ್ಲವೂ ಅಲ್ಲ. ಹಾಕಿ ನೋಡಿಯೇ ಒಪ್ಪಿಕೊಳ್ಳಿ. ಮೆನುವಿನಲ್ಲಿ ಟಿಬಿಸಿ ಎಂಬುದು ಕಂಡರೆ ಆನ್ ಮಾಡಿ, ಚಿತ್ರದ ಅಲುಗಾಟ ತಗ್ಗುತ್ತದೆ. ನಿಮ್ಮ ಸಣ್ಣ ಕ್ಯಾಸೆಟ್ಟನ್ನು ದೊಡ್ಡ ಅಡಾಪ್ಟರ್‌ನೊಳಗಿಟ್ಟು ವಿಸಿಆರ್‌ಗೆ ಹಾಕಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಅನುಕೂಲ ವಿಎಚ್‌ಎಸ್-ಸಿ ಕ್ಯಾಸೆಟ್‌ಗೆ ಮಾತ್ರ.

ಬೂಷ್ಟು ಹಿಡಿದ ಎರಡನ್ನು ಇಂದೇ ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಅವನ್ನು ಯಾರ ಕ್ಯಾಮೆರಾಕ್ಕೂ ಹಾಕಕೂಡದು. ಬೂಷ್ಟು ಕ್ಯಾಮೆರಾದೊಳಗೆ ರೀಲು ಓದುವ ಹೆಡ್‌ಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಹರಡುತ್ತದೆ. ಎರವಲು ಕೊಟ್ಟವರ ಕ್ಯಾಮೆರಾ ಹಾಳಾದರೆ ಇನ್ನೊಂದು ತಲೆನೋವು. ನಿಮ್ಮ ಹಣದ ಹೆಚ್ಚಿನ ಪಾಲು ಹೋಗಬೇಕಾದದ್ದು ಈ ಎರಡಕ್ಕೆ. ಸ್ಟುಡಿಯೋಕ್ಕೆ ಕೊಡುವಾಗ ‘ರೀಲು ಕ್ಲೀನ್ ಮಾಡಿದ ಮೇಲೆ ಓಡಿಸುತ್ತೀರಾ, ಹಾಗೆಯೇ ಹಾಕುತ್ತೀರಾ’ ಎಂದು ಕೇಳಿ. ಉತ್ತರ ತಡವರಿಸಿದರೆ ಕ್ಯಾಸೆಟ್ ವಾಪಸು ತನ್ನಿ.

ಉಳಿದ ಹತ್ತು ಮನೆಯಲ್ಲೇ ಆಗುತ್ತವೆ. ಕೊಳ್ಳಬೇಕಾದದ್ದು ಯುಎಸ್‌ಬಿ ವೀಡಿಯೋ ಕ್ಯಾಪ್ಚರ್ ಡಾಂಗಲ್ ಒಂದೇ. ಸಾಧಾರಣದ್ದು ಸಾವಿರ, ಒಂದೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಲು ಬೇಕಾದ ಒಬಿಎಸ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಉಚಿತ. ಡಾಂಗಲ್ ಸೆಟ್ಟಿಂಗ್‌ನಲ್ಲಿ ಪಾಲ್ (PAL) ಎಂಬ ವೀಡಿಯೋ ಪದ್ಧತಿ ಆರಿಸಿ, 720 ಅಡ್ಡ 576, ಸೆಕೆಂಡಿಗೆ 25 ಫ್ರೇಮ್. ಮಸ್ಕತ್‌ನಲ್ಲೂ ನಮ್ಮಲ್ಲೂ ಪಾಲ್ ಪದ್ಧತಿಯೇ ಇದ್ದದ್ದರಿಂದ ನಿಮಗೆ ತೊಂದರೆಯಿಲ್ಲ. ಅಮೆರಿಕದಿಂದ ತಂದ ಕ್ಯಾಮೆರಾ ಆಗಿದ್ದರೆ ಎನ್‌ಟಿಎಸ್‌ಸಿ. ಚಿತ್ರದ ಅಳತೆ 4:3ರಲ್ಲೇ ಇರಲಿ. ಟಿವಿ ತುಂಬಲಿ ಎಂದು ಎಳೆದರೆ ಮದುವೆಗೆ ಬಂದವರೆಲ್ಲ ದಪ್ಪಗಾಗುತ್ತಾರೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಸರಿಸುವ ಸಣ್ಣ ಕೆಂಪು ಗುಂಡಿಯಿದೆ. ಅದನ್ನು ರೆಕಾರ್ಡ್ ಆಗದ ಕಡೆಗೆ ಸರಿಸಿಡಿ. ಕೈತಪ್ಪಿ ಅಳಿಸಿಹೋಗುವ ಭಯವಿರುವುದಿಲ್ಲ. ಎರವಲು ಕ್ಯಾಮೆರಾಕ್ಕೆ ಮೊದಲು ಹಾಕುವುದು ಅಪ್ಪನ ಕ್ಯಾಸೆಟ್ ಆಗಬಾರದು. ಹಳೇ ಕ್ಯಾಮೆರಾ ರೀಲು ನುಂಗಬಹುದು. ಹೋದರೂ ಪರವಾಗಿಲ್ಲ ಎನ್ನುವಂಥದ್ದನ್ನು ಪೂರ್ತಿ ಓಡಿಸಿ ನೋಡಿ, ಸರಿ ಎನಿಸಿದ ಮೇಲೆ ಅಪ್ಪನದ್ದು. ಅದನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ ಸುತ್ತಿ, ಹಿಂದಕ್ಕೆ ಸುತ್ತಿ, ಬಳಿಕ ಪ್ಲೇ ಒತ್ತಿ. ವರ್ಷಗಟ್ಟಲೆ ಅಲುಗದ ರೀಲು ಆಗ ಸಡಿಲವಾಗುತ್ತದೆ.

ನಿಮ್ಮ ವಿಷಯದಲ್ಲಿ ಚಿತ್ರಕ್ಕಿಂತ ದನಿ ಮುಖ್ಯ, ಹಾಗಾಗಿ ಇಲ್ಲಿ ಅವಸರ ಬೇಡ. ಕ್ಯಾಮೆರಾವನ್ನು ಡಾಂಗಲ್‌ಗೆ ಜೋಡಿಸುವ ಕೇಬಲ್‌ನಲ್ಲಿ ಹಳದಿ ಪಿನ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ದನಿಗೆ. ನಿಮ್ಮ ಕಾಲದ ಎಷ್ಟೋ ಕ್ಯಾಮೆರಾಗಳಲ್ಲಿ ದನಿಗೆ ಒಂದೇ ಪಿನ್. ಅದನ್ನು ಬಿಳಿಗೆ ಸಿಕ್ಕಿಸಿದರೆ ಹೆಡ್‌ಫೋನ್‌ನಲ್ಲಿ ಎಡಕಿವಿಗೆ ಮಾತ್ರ ಕೇಳುತ್ತದೆ. ಒಬಿಎಸ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಮೋನೋ ಎಂಬ ಗುರುತು ಹಾಕಿದರೆ ಎರಡೂ ಕಿವಿಗೆ ಬರುತ್ತದೆ. ಅಪ್ಪ ಆವೇಶದಿಂದ ಮಾತಾಡುವ ಜಾಗ ಹುಡುಕಿ, ದನಿಯ ಪಟ್ಟಿ ಕೆಂಪಿನ ತುದಿ ಮುಟ್ಟದಂತೆ ಮಟ್ಟ ತಗ್ಗಿಸಿ. ಸ್ವಲ್ಪ ತಗ್ಗಿದ್ದರೆ ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಸರಿಮಾಡಲಾಗದು. ಹತ್ತು ನಿಮಿಷದ ತುಣುಕು ಮಾಡಿ, ತುಟಿಯೂ ಮಾತೂ ಕೂಡುತ್ತವೆಯೇ ನೋಡಿ, ಮತ್ತೆ ಪೂರ್ತಿ ಹಿಡಿಯಿರಿ. 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷವೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

8 ಎಂಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 3.6 ಜಿಬಿ ಜಾಗ ಬೇಕು, ನಿಮ್ಮದೆಲ್ಲ ಸೇರಿದರೂ 128 ಜಿಬಿಯಲ್ಲಿ ಹಿಡಿಸುತ್ತದೆ. ಆದರೆ ಒಂದೇ ಪೆನ್‌ಡ್ರೈವ್ ನಂಬಿ ಕೂರಬೇಡಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲಿರಲಿ. ಬಂಧುಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಕುಗ್ಗಿದ ಪ್ರತಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಲಸ ಮುಗಿಯಿತೆಂದು ಕ್ಯಾಸೆಟ್ ಎಸೆಯಲೂಬೇಡಿ.

ನಿಮ್ಮೂರಿನ ತೇವ ಗಾಳಿಗೆ ಉಳಿದ ಹತ್ತು ಕ್ಯಾಸೆಟ್‌ಗಳಿಗೂ ಬೂಷ್ಟು ಹಿಡಿಯಲು ಹೆಚ್ಚು ಕಾಲ ಬೇಡ. ಹನ್ನೆರಡೂ ಆಗಲಿ ಎಂದು ಕಾಯದೆ, ಜೂನ್ ಮಳೆ ಹಿಡಿಯುವ ಮೊದಲು ಅಪ್ಪನ ಕ್ಯಾಸೆಟ್ ಒಂದನ್ನಾದರೂ ಮುಗಿಸಿಬಿಡಿ ಅಕ್ಕಾ.