ಟ್ರಾಕ್ಟರಿನ ಬಿಲ್ಲೆ ಬ್ರೇಕು: ಇಳಿಜಾರಿಗೆ ಮುನ್ನ ಒಂದು ಪಾಠ

ಹೇರು ತುಂಬಿದ ಗಾಡಿ ಇಳಿಜಾರಿಗೆ ಬಂದಾಗ ಎತ್ತುಗಳು ಕಾಲೂರಿ ಭಾರವನ್ನು ತಡೆಯುವುದನ್ನು ನಾವೆಲ್ಲ ಬಲ್ಲೆವು. ಟ್ರಾಕ್ಟರಿನಲ್ಲಿ ಆ ಕೆಲಸ ಬ್ರೇಕಿನದು. ಅದರ ಒಳಗುಟ್ಟನ್ನು ಅರಿತವನು ಇಳಿಜಾರಿನಲ್ಲಿ ಮೋಸ ಹೋಗಲಾರ.

ಅನೇಕ ಟ್ರಾಕ್ಟರುಗಳಲ್ಲಿ ಹಿಂದಿನ ಎರಡು ಗಾಲಿಗಳಿಗೂ ಬೇರೆ ಬೇರೆ ಡಿಸ್ಕ್ ಬ್ರೇಕು, ಎಂದರೆ ಬಿಲ್ಲೆ ಬ್ರೇಕು, ಇರುವುದು. ಅದರ ಒಂದು ಬಗೆಯನ್ನು ನೋಡೋಣ. ಗಾಲಿಯನ್ನು ತಿರುಗಿಸುವ ದಂಡದ ಮೇಲೆ ಲೈನಿಂಗ್ ಅಂಟಿಸಿದ ಎರಡು ಬಿಲ್ಲೆಗಳು ಕುಳಿತು, ಅದರೊಡನೆ ತಿರುಗುವುವು. ಇವೆರಡರ ನಡುವೆ ಜೋಡಿ ಉಕ್ಕಿನ ತಟ್ಟೆಗಳು. ತಟ್ಟೆಗಳ ನಡುವಣ ಓರೆ ಕುಳಿಗಳಲ್ಲಿ ಉಕ್ಕಿನ ಗುಂಡುಗಳು. ಪೆಡಲ್ ತುಳಿದಾಗ ಸರಳು ತಟ್ಟೆಗಳನ್ನು ಒಂದಕ್ಕೊಂದು ಎದುರಾಗಿ ತುಸು ಹೊರಳಿಸುವುದು. ಗುಂಡುಗಳು ಓರೆಯನ್ನೇರಿ ತಟ್ಟೆಗಳನ್ನು ಅಗಲಿಸುವುವು. ಅವು ಬಿಲ್ಲೆಗಳನ್ನು ಬ್ರೇಕಿನ ಪೆಟ್ಟಿಗೆಯ ಗೋಡೆಗೆ ಅದುಮಿ ಹಿಡಿಯುವುವು. ತಿರುಗುವ ಬಿಲ್ಲೆ ತಟ್ಟೆಯನ್ನೂ ತನ್ನೊಡನೆ ಕೊಂಚ ಎಳೆಯುವುದರಿಂದ ಗುಂಡುಗಳು ಮತ್ತಷ್ಟು ಏರಿ, ಹಿಡಿತ ತಾನೇ ಬಿಗಿಯಾಗುವುದು.

ತಡೆದ ವೇಗವೆಲ್ಲ ಶಾಖವಾಗುವುದು. ಟ್ರಾಕ್ಟರು, ಟ್ರೈಲರು, ಹೇರು ಸೇರಿ 5 ಟನ್ ಎಂದಿಟ್ಟುಕೊಳ್ಳೋಣ. 100 ಮೀಟರ್ ಎತ್ತರದಿಂದ ಬ್ರೇಕನ್ನೇ ನಂಬಿ ಇಳಿದರೆ, ಹುಟ್ಟುವ ಶಾಖವು ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ಅತಿಯಾಗಿ ಕಾದ ಲೈನಿಂಗಿಗೆ ಹಿಡಿತ ಕುಗ್ಗುವುದು.

ಈಚಿನ ಅನೇಕ ಟ್ರಾಕ್ಟರುಗಳಲ್ಲಿ ಬಿಲ್ಲೆಗಳು ಎಣ್ಣೆಯಲ್ಲಿ ಮುಳುಗಿರುವುವು. ಎಣ್ಣೆಯು ಶಾಖವನ್ನು ಹೊತ್ತೊಯ್ಯುವುದು, ಕೆಸರು ಒಳಸೇರದು, ಸವೆತವೂ ಕಡಮೆ. ಒಣ ಬ್ರೇಕಿಗಾದರೋ ಎಣ್ಣೆಯೇ ವೈರಿ. ಸೀಲು ಸೋರಿ ಲೈನಿಂಗಿಗೆ ಎಣ್ಣೆ ತಾಗಿದರೆ ಬ್ರೇಕು ಜಾರುವುದು.

ಆದುದರಿಂದ ನಾವು ಪಾಲಿಸಬೇಕಾದುವು ಇವು:

1. ಇಳಿಜಾರು ತೊಡಗುವ ಮೊದಲೇ ಕೆಳಗಿನ ಗೇರಿಗೆ ಹಾಕಬೇಕು. ಆಗ ಎಂಜಿನ್ನೂ ಭಾರ ತಡೆಯಲು ನೆರವಾಗುವುದು. ನ್ಯೂಟ್ರಲ್‌ನಲ್ಲಿ ಇಳಿಯಲೇಬಾರದು.

2. ಹೊಲದ ತಿರುವಿಗೆ ಒಂದೇ ಪೆಡಲ್ ಸರಿ. ರಸ್ತೆಗೆ ಬಂದೊಡನೆ ಎರಡೂ ಪೆಡಲ್‌ಗಳಿಗೆ ಕೊಂಡಿ ಹಾಕಬೇಕು. ಒಂದೇ ಗಾಲಿ ಹಿಡಿದರೆ ಟ್ರಾಕ್ಟರು ಗಕ್ಕನೆ ತಿರುಗಿ ಮಗುಚೀತು.

3. ಸಮತಟ್ಟಾದ ಬಯಲಲ್ಲಿ ನಿಧಾನವಾಗಿ ಓಡಿಸಿ, ಕೊಂಡಿ ಹಾಕಿದ ಪೆಡಲ್ ತುಳಿದು ನೋಡಬೇಕು. ಒಂದು ಬದಿಗೆ ಎಳೆದರೆ ಮೆಕ್ಯಾನಿಕ್‌ನಿಂದ ಸರಿಪಡಿಸಿದ ಮೇಲೆಯೇ ಹೇರು ಹಾಕಬೇಕು.

4. ಎಣ್ಣೆ ಬ್ರೇಕಿನ ಟ್ರಾಕ್ಟರಿಗೆ ತಯಾರಕರು ಹೇಳಿದ ಎಣ್ಣೆಯನ್ನೇ, ಹೇಳಿದ ಮಟ್ಟಕ್ಕೆ ಹಾಕಬೇಕು.

ಟ್ರೈಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಅದರ ಭಾರವೂ ಇವೇ ಬಿಲ್ಲೆಗಳ ಮೇಲೆ ಬೀಳುವುದು. ಇದನ್ನು ಇಳಿಜಾರಿನಲ್ಲಲ್ಲ, ಕಣದಲ್ಲಿ ಚೀಲ ಏರಿಸುವಾಗಲೇ ನೆನೆಯೋಣ.